ಜಾಕೆಟ್ಟಿಲ್ಲದ ಈಜಪ್ಪ

ದೋಣಿ ಹೊರಡುವ ಹೊತ್ತಿಗೆ ಒಂದು ಲೈಫ್ ಜಾಕೆಟ್ ಕಮ್ಮಿ ಬಿತ್ತು. ಇಡೀ ಗುಂಪು, ಮೊದಲೇ ಮಾತಾಡಿಕೊಂಡವರ ಹಾಗೆ, ಈಜಪ್ಪನ ಕಡೆ ತಿರುಗಿತು.

ಈಜಪ್ಪ ಎಂಬುದು ಅವನ ಹೆಸರಲ್ಲ. ಊರಿನ ಈಜುಕೊಳದ ಬಾಗಿಲಲ್ಲಿ, ಪಾರಿವಾಳದ ಗೂಡಿನಂಥ ಕೋಣೆಯೊಳಗೆ ಕೂತು ಟಿಕೆಟ್ ಹರಿದು ಕೊಡುವುದು ಅವನ ಕೆಲಸ. ಆ ಕೆಲಸಕ್ಕೆ ಸೇರಿದ ವಾರದಲ್ಲೇ ನೆರೆಹೊರೆಯವರು ಈ ಹೆಸರಿಟ್ಟು ಕೈ ತೊಳೆದುಕೊಂಡರು. ಕೊಳದ ನೀರಿಗೂ ಅವನಿಗೂ ಇದ್ದ ನಂಟು ಅಂದರೆ ಹೊರಗೆ ಬರುವವರ ಚಪ್ಪಲಿಯ ಪಚಪಚ ಸದ್ದು, ಅಷ್ಟೇ. ಅವನಿಗೆ ಈಜು ಬಾರದು. ಅದನ್ನು ಅವನು ಯಾವತ್ತೂ ಮುಚ್ಚಿಟ್ಟವನಲ್ಲ. ಆದರೆ ಹೇಳಿದಾಗಲೆಲ್ಲ ಜನ ತಲೆದೂಗಿ, ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೊಗಳಿ ಮುಂದೆ ಹೋಗುತ್ತಿದ್ದರು.

ಕಟ್ಟಿಕೊಂಡ ಹೆಂಡತಿಯಾದರೂ ನಂಬಬೇಡವೇ? ಅವಳದು ಬೇರೆಯೇ ನ್ಯಾಯ. ಬಲ್ಬು ಬದಲಾಯಿಸಲು ಬರುವುದಿಲ್ಲ, ಗುಂಡಿ ಹೊಲಿಯಲು ಬರುವುದಿಲ್ಲ, ಹಾಲು ಉಕ್ಕಿದರೆ ಒಲೆ ಆರಿಸಲು ಬರುವುದಿಲ್ಲ ಎಂದು ವರ್ಷಗಟ್ಟಲೆ ಕೇಳಿದ ಮೇಲೆ, ಗಂಡನ 'ಬರಲ್ಲ' ಎಂಬ ಮಾತಿಗೆ 'ಮನಸ್ಸಿಲ್ಲ' ಎಂದೇ ಅರ್ಥ ಹಚ್ಚಿಕೊಂಡಿದ್ದಳು.

ವಾರದ ಕೊನೆಗೆ ನೆರೆಹೊರೆಯವರೆಲ್ಲ ಸೇರಿ ಕಡಲ ತೀರಕ್ಕೆ ಹೋಗೋಣ, ಶನಿವಾರ ಬೆಳಿಗ್ಗೆ ಹವಳದ ದಿಬ್ಬ, ಮಧ್ಯಾಹ್ನ ಮಳೆಕಾಡು ಎಂದು ಯೋಜನೆ ಹಾಕಿದವರು ಎದುರುಮನೆಯ ಹಲ್ಲಿನ ಡಾಕ್ಟರು. ಅವರ ಬಳಿ ಬರುವವರೆಲ್ಲ ಬಾಯಿ ತುಂಬ ಹತ್ತಿ ಇಟ್ಟುಕೊಂಡವರೇ ಆದ್ದರಿಂದ, ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುವುದು ಅವರಿಗೆ ರೂಢಿಯಾಗಿತ್ತು.

"ಏನ್ ಈಜಪ್ಪ, ನಿಮ್ಮ ಜಾಕೆಟ್ ದೊಡ್ಡಮ್ಮನಿಗೆ ಕೊಡ್ತೀರಲ್ಲ? ಕೊಡ್ತಾರೆ, ಬಿಚ್ಚಿಸ್ಕೊಳ್ಳಿ," ಎಂದರು.

ದೊಡ್ಡಮ್ಮ ಅಂದರೆ ಹೆಂಡತಿಯ ದೊಡ್ಡಮ್ಮ. ಹುಡುಗಿಯಾಗಿದ್ದಾಗ ಕೆರೆಗೆ ಜಾರಿ ಬಿದ್ದು ಬದುಕಿದ ಮೇಲೆ, ಬಕೆಟ್ಟಿಗಿಂತ ಆಳದ ನೀರಿನ ಹತ್ತಿರ ಸುಳಿದವಳಲ್ಲ. ದೋಣಿಯಲ್ಲಿ ಕೂತೇ ನೋಡುತ್ತೇನೆ ಎಂದು ಬಂದಿದ್ದಳು. ಈಜಪ್ಪ ಎರಡೂ ಕೈಯಿಂದ ಜಾಕೆಟ್ ಹಿಡಿದುಕೊಂಡು, ತನಗೆ ಈಜು ಬಾರದೆಂದು ದೋಣಿಯವನಿಗೂ ಸಾರಿದ. ದೋಣಿಯವನು ಉಳಿದವರ ಮುಖ ನೋಡಿದ. ಉಳಿದವರು ನಕ್ಕರು. ಜಾಕೆಟ್ ಹೋಯಿತು.

ದಿಬ್ಬದ ಹತ್ತಿರ ಲಂಗರು ಬಿತ್ತು. ಗಾಜಿನ ಕನ್ನಡಕ ಹಾಕಿಕೊಂಡು, ಬಾಯಿಗೆ ಕೊಳವೆ ಕಚ್ಚಿಕೊಂಡು ಒಬ್ಬೊಬ್ಬರೇ ನೀರಿಗೆ ಇಳಿದರು. ಕೆಳಗೆ ಹಳದಿ ಮೀನು, ನೀಲಿ ಮೀನು, ಕೊಂಬೆ ಕೊಂಬೆಯಾಗಿ ಹರಡಿದ ಹವಳ. ಡಾಕ್ಟರು ತಲೆಯೆತ್ತಿ, ಹವಳವೆಲ್ಲ ಸಾಲು ತಪ್ಪಿ ಹುಟ್ಟಿದ ದವಡೆಹಲ್ಲಿನ ಹಾಗಿದೆ ಎಂದು ಸಂತೋಷಪಟ್ಟರು. ಎಲ್ಲರ ಒತ್ತಾಯಕ್ಕೆ ದೊಡ್ಡಮ್ಮನೂ ಏಣಿಯ ಮೇಲೆ ಸೊಂಟದವರೆಗೆ ಇಳಿದು, ಕಣ್ಣು ಮುಚ್ಚಿ, ಹಲ್ಲಿಯ ಹಾಗೆ ಏಣಿಗೆ ಅಂಟಿಕೊಂಡಳು.

ಈಜಪ್ಪ ಹಲಗೆಯನ್ನು ಅವುಚಿಕೊಂಡು ಕೂತಿದ್ದ. ಅವನಿಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟಿನಲ್ಲಿ ಕೈ ಆಡಿಸಿದರೂ ದೋಣಿ ವಾಲೀತೆಂಬ ಭಯ. ಅವನು ಆಡಿಸಲಿಲ್ಲ. ಅವನಿಗೆ ತೋರಿಸಲೆಂದು ಖಾಲಿ ಶಂಖವೊಂದನ್ನು ಹಿಡಿದು ಡಾಕ್ಟರು ಪಕ್ಕದಿಂದ ಹತ್ತಿದರು. ದೋಣಿ ವಾಲಿತು. ಈಜಪ್ಪ ಮೂಟೆ ಉರುಳಿದ ಹಾಗೆ ಉರುಳಿದ.

ಮುಳುಗಿದ, ಎದ್ದ, ಮತ್ತೆ ಮುಳುಗಿದ. ಮೂರನೆಯ ಸಲ ಕಾಲಿಗೆ ಏನೋ ಗಟ್ಟಿಯಾದದ್ದು ತಗುಲಿತು. ದೇವರೇ ಸಿಕ್ಕಿದ ಎಂದುಕೊಂಡು ಅದರ ಮೇಲೆ ನಿಂತ. ನೀರು ಎದೆಯ ಮಟ್ಟಕ್ಕಿತ್ತು.

"ಸ್ವಾಮೀ, ಕಾಲೆತ್ತಿ," ಎಂದು ದೋಣಿಯವನು ಕೂಗಿದ. "ಅದು ಹವಳ. ತುಳಿದ್ರೆ ಸತ್ತುಹೋಗುತ್ತೆ."

'ಹಾಗಾದರೆ ನಾನು?' ಎಂದು ಕೇಳಲು ಈಜಪ್ಪ ಬಾಯಿ ತೆರೆದ. ಪ್ರಶ್ನೆ ಹೊರಗೆ ಬರುವ ಮೊದಲೇ ಅಲೆ ಒಳಗೆ ಹೋಯಿತು. ಕಾಲು ಜಾರಿತು. ಅವನು ಕೈಕಾಲು ಬಡಿಯುವುದನ್ನು ನೋಡಿ ಸುತ್ತ ತೇಲುತ್ತಿದ್ದವರು, ಮುಳುಗುವವರು ಹೇಗೆ ಮಾಡುತ್ತಾರೆಂಬುದನ್ನು ಎಷ್ಟು ಚೆನ್ನಾಗಿ ತೋರಿಸುತ್ತಿದ್ದಾನೆಂದು ಚಪ್ಪಾಳೆ ತಟ್ಟಿದರು. ಕಣ್ಣು ಕತ್ತಲಿಡುವಾಗ ಯಾರೋ ಅವನ ಕಾಲರಿಗೆ ಕೈ ಹಾಕಿ ಎಳೆದರು. ಏಣಿ ಸಿಕ್ಕಿದ ಮೇಲೆ ತಿರುಗಿ ನೋಡಿದರೆ ದೊಡ್ಡಮ್ಮ, ಅವನದೇ ಜಾಕೆಟ್ಟಿನಲ್ಲಿ, ಏದುಸಿರು ಬಿಡುತ್ತ ತೇಲುತ್ತಿದ್ದಳು.

ದಡಕ್ಕೆ ಬರುವವರೆಗೂ ದೋಣಿಯವನು, ಬೆರಳುದ್ದ ಹವಳ ಬೆಳೆಯಲು ಎಷ್ಟು ವರ್ಷ ಬೇಕೆಂದು ಈಜಪ್ಪನಿಗೆ ಬುದ್ಧಿ ಹೇಳಿದ. ಈಜಪ್ಪನಷ್ಟುದ್ದ ಗಂಡಸು ಬೆಳೆಯಲು ಎಷ್ಟು ವರ್ಷ ಬೇಕೆಂದು ಯಾರೂ ವಿಚಾರಿಸಲಿಲ್ಲ. ದೊಡ್ಡಮ್ಮ ಮಾತ್ರ ಸಮುದ್ರವನ್ನೇ ನೋಡುತ್ತ ಕೂತಿದ್ದಳು. ಹೆದರಿದ್ದಾಳೆ ಪಾಪ ಎಂದುಕೊಂಡ ಈಜಪ್ಪ.

ಮಧ್ಯಾಹ್ನ ಅದೇ ದೋಣಿಯವನು ಎಲ್ಲರನ್ನೂ ಕಾಡಿಗೆ ಕರೆದೊಯ್ದ. ಮೇಲೆ ಆಕಾಶ ಕಾಣದಷ್ಟು ಎಲೆ, ಕೆಳಗೆ ನೆಲ ಕಾಣದಷ್ಟು ಬೇರು. ಮಳೆ ನಿಂತಿದ್ದರೂ ಮರಗಳು ಅದನ್ನು ಉಳಿಸಿಟ್ಟುಕೊಂಡು, ಈಜಪ್ಪನ ಕತ್ತು ಬಂದಾಗ ನೋಡಿ ಹನಿಸುತ್ತಿದ್ದವು. ರಕ್ತ ಹೀರುವ ಇಂಬಳಗಳು ಉಳಿದವರನ್ನು ಬಿಟ್ಟು ಅವನ ಕಾಲನ್ನೇ ಹುಡುಕಿಕೊಂಡು ಬಂದವು. ಬೆಳಿಗ್ಗೆ ಉಪ್ಪು ನೀರಲ್ಲಿ ನೆಂದವನು ಮೆತ್ತಗೆ, ರುಚಿಯಾಗಿ ಇದ್ದನೋ ಏನೋ.

ದಾರಿಗೆ ಅಡ್ಡವಾಗಿ ಒಂದು ತೊರೆ ಬಂತು. ಕೆಂಪು ನೀರು, ತಳ ಕಾಣದು. ಗುಂಪು ನಿಂತಿತು.

"ಯಾರು ಮೊದಲು ಇಳಿದು ಆಳ ನೋಡೋರು? ಈಜಪ್ಪ ಇರುವಾಗ ಚಿಂತೆ ಯಾಕೆ," ಎಂದು ಡಾಕ್ಟರು ಅವನ ಬೆನ್ನ ಮೇಲೆ ಕೈಯಿಟ್ಟರು.

ಈಜಪ್ಪ ಇಳಿಯಲಿಲ್ಲ. ಒಂದು ದಪ್ಪ ಬೇರಿನ ಮೇಲೆ ಕೂತ. ಇಷ್ಟು ವರ್ಷ ನುಂಗಿದ್ದೆಲ್ಲ, ಬೆಳಿಗ್ಗೆ ನುಂಗಿದ ಉಪ್ಪುನೀರಿನ ಸಮೇತ, ಗಂಟಲಿಗೆ ಬಂತು.

"ಸಿನಿಮಾ ಟಿಕೆಟ್ ಹರಿಯೋನು ಹೀರೋ ಆಗ್ತಾನಾ? ರೈಲಿನ ಟಿಕೆಟ್ ಕೊಡೋನಿಗೆ ಎಂಜಿನ್ ಓಡಿಸು ಅಂತೀರಾ? ನಾನು ಟಿಕೆಟ್ ಕೊಡ್ತೀನಿ. ಕೊಟ್ಟು, ಕಿಟಕಿ ಮುಚ್ಚಿ ಮನೆಗೆ ಬರ್ತೀನಿ. ಬೆಳಿಗ್ಗೆ ನಾನು ನಟನೆ ಮಾಡ್ಲಿಲ್ಲ, ಸಾಯ್ತಾ ಇದ್ದೆ. ನೀವು ಚಪ್ಪಾಳೆ ತಟ್ತಾ ಇದ್ರಿ."

ಹೌದೇ ಎಂದು ಡಾಕ್ಟರು ಮೊದಲ ಸಲ ಪ್ರಶ್ನೆ ಮಾತ್ರ ಕೇಳಿ, ಉತ್ತರಕ್ಕೆ ಕಾದರು. ಹೆಂಡತಿಯ ಮುಖ ಬಿಳಿಚಿಕೊಂಡಿತು. ಹತ್ತಿರ ಬಂದು ಅವನ ಭುಜ ಮುಟ್ಟಿ, ನಿಜವಾಗಲೂ ಬರುವುದಿಲ್ಲವೇ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ನಂಬಿದಳು. ಎಲ್ಲರೂ ನಂಬಿದರು. ಯಾರೋ ಕ್ಷಮಿಸಿ ಎಂದರು. ಹುಟ್ಟಿದಾರಭ್ಯ ಈಜಪ್ಪ ಅಷ್ಟು ಹಗುರವಾಗಿ ಉಸಿರಾಡಿರಲಿಲ್ಲ.

ಆಗ ದೊಡ್ಡಮ್ಮ ಬಾಯಿ ಬಿಟ್ಟಳು.

"ಸಾಕು ಬಿಡಪ್ಪ, ಇನ್ನೂ ಯಾಕೆ ಮುಚ್ಚಿಡ್ತೀಯ," ಎಂದಳು. ಕಣ್ಣಲ್ಲಿ ನೀರಿತ್ತು. "ನನಗೆ ಬೆಳಿಗ್ಗೆನೇ ಅರ್ಥ ಆಯ್ತು. ನಿನ್ನ ಜಾಕೆಟ್ ಬಿಚ್ಚಿ ನನಗೆ ಕೊಟ್ಟೆ. ನಾನು ಏಣಿ ಬಿಡ್ಲಿ ಅಂತ್ಲೇ ನನ್ನ ಕಣ್ಣೆದುರಿಗೇ ಬಿದ್ದೆ. ಕಾಲೂರೋಕೆ ಜಾಗ ಇದ್ರೂ ನಿಲ್ಲದೆ ಒದ್ದಾಡಿದೆ. ನೀನು ಹೋಗೇಬಿಡ್ತೀಯ ಅನ್ನಿಸಿದಾಗ ನಾನು ಏಣಿ ಬಿಟ್ಟಿದ್ದೇ ನನಗೆ ಗೊತ್ತಾಗ್ಲಿಲ್ಲ. ಕೆರೆಗೆ ಬಿದ್ದಾಗಿನಿಂದ ಇದ್ದ ಭಯ ಒಂದು ಗಳಿಗೇಲಿ ಹೋಯ್ತು. ಹೆತ್ತ ತಾಯಿನೂ ಹೀಗೆ ಕಲಿಸ್ತಿರ್ಲಿಲ್ಲ."

ಗುಂಪಿನಲ್ಲಿ ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತು. ಒಬ್ಬ ಮುದುಕಿಯ ಭಯ ಬಿಡಿಸಲು ತನ್ನ ಮಾನವನ್ನೇ ಪಣಕ್ಕಿಟ್ಟ ಗುರು ಇವನು ಎಂದು ಡಾಕ್ಟರು ಗದ್ಗದಿತರಾದರು. ಹೆಂಡತಿ ಭುಜದ ಮೇಲಿನ ಕೈ ತೆಗೆಯಲಿಲ್ಲ, ಆದರೆ ಅದರ ಅರ್ಥ ಬದಲಾಗಿತ್ತು. ಮದುವೆಯ ಹೊಸತರಲ್ಲಿ ನೋಡುತ್ತಿದ್ದ ಹಾಗೆ ಅವನನ್ನು ನೋಡುತ್ತಿದ್ದಳು.

ಈಜಪ್ಪ ಬಾಯಿ ತೆರೆದ. ಎದುರಿಗೆ ದೊಡ್ಡಮ್ಮನ ಮುಖ, ಬಹುಮಾನ ಗೆದ್ದ ಮಗುವಿನ ಮುಖದ ಹಾಗೆ ಬೆಳಗುತ್ತಿತ್ತು. ನಿಜ ಹೇಳಿದರೆ ಅವಳು ಮತ್ತೆ ಬಕೆಟ್ಟಿಗೇ ಮರಳಬೇಕು. ಬಾಯಿ ಮುಚ್ಚಿದ.

ದೊಡ್ಡಮ್ಮ ಅಷ್ಟಕ್ಕೇ ಬಿಡಲಿಲ್ಲ. ನಾಳೆ ಬೆಳಿಗ್ಗೆ ಗುರು ಶಿಷ್ಯೆ ಇಬ್ಬರೂ ಜಾಕೆಟ್ ಇಲ್ಲದೆ ಸಮುದ್ರಕ್ಕೆ ಹಾರಬೇಕು, ಹವಳಕ್ಕೆ ತೊಂದರೆಯಾಗದಂಥ ಜಾಗ ಇದೆಯೇ ಎಂದು ದೋಣಿಯವನನ್ನು ಕೇಳಿದಳು.

ದೋಣಿಯವನು ಈಜಪ್ಪನ ಮುಂದೆ ಬಂದು, ಬೆಳಿಗ್ಗೆ ಗುರುತು ಸಿಗದೆ ಗದರಿದ್ದಕ್ಕೆ ಕೈ ಮುಗಿದ.

"ಇದೆಯಮ್ಮ, ಒಳ್ಳೇ ಜಾಗ ಇದೆ," ಎಂದ. "ಅಲ್ಲಿ ತಳ ಅನ್ನೋದು ಇದುವರೆಗೂ ಯಾರಿಗೂ ಸಿಕ್ಕಿಲ್ಲ."