ಸೊಟ್ಟ ಕಾಲಿನ ಸೋಫಾ

ಸೋಫಾ ರಿಪೇರಿಯವನಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ, ಗಿರಾಕಿಗಳೇ ಸಾಕು. ಆಳಂದದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಕುಶನ್ ಅಂಗಡಿ. ರಿಪೇರಿಯಾದ ಸೋಫಾ ಹೊರಗಿಟ್ಟರೆ ಐದೇ ನಿಮಿಷದಲ್ಲಿ ಮೂವರು ಕೂತಿರುತ್ತಾರೆ. "ಏನ್ ಬೇಕಾಗಿತ್ರಿ?" ಎಂದರೆ "ಅಫಜಲಪುರ ಬಸ್ ರೀ" ಎನ್ನುತ್ತಾರೆ. ನನಗೆ ಕೆಲಸ ಕಲಿಸಿದ ಉಸ್ತಾದರಿಗೆ ಎಂಬತ್ತು ದಾಟಿದೆ. ಈಗಲೂ ದಿನಾ ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ನನ್ನ ತಪ್ಪು ಹುಡುಕುತ್ತಾರೆ. ಆ ಕೆಲಸಕ್ಕೆ ಅವರು ಒಂದು ದಿನವೂ ರಜೆ ಹಾಕಿದ್ದಿಲ್ಲ.

೧. ಮುಂದಿನ ಅಂಚು

ಜೇವರ್ಗಿಯ ಮೇಷ್ಟ್ರೊಬ್ಬರು ಸೋಫಾ ಹಾಳಾಗಿದೆ ಎಂದು ಕರೆಸಿದರು. ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಬೆಡ್‌ಶೀಟ್, ಅದರ ಮೇಲೆ ಟವೆಲ್. ಮೂರನ್ನೂ ಸರಿಸಿದರೆ ಒಳಗಿನ ಬಟ್ಟೆ ಅಂಗಡಿಯಿಂದ ಬಂದ ದಿನದಂತೆ ಫಳಫಳ. ಸೀಟಿನ ಮುಂದಿನ ಅಂಚು ಮಾತ್ರ ತಲೆಎಣ್ಣೆಯ ಜಿಡ್ಡಿಗೆ ಕಪ್ಪಾಗಿ, ಸ್ಪಂಜು ತಗ್ಗು ಬಿದ್ದಿತ್ತು. ಇದೆಂಥಾ ರೋಗ ಎಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಮೇಷ್ಟ್ರು, ಹೆಂಡತಿ, ಇಬ್ಬರು ಮಕ್ಕಳು ಸಾಲಾಗಿ ನೆಲದ ಮೇಲೆ ಕೂತು, ಸೋಫಾಕ್ಕೆ ಬೆನ್ನು ಕೊಟ್ಟು, ಸೀಟಿಗೆ ತಲೆ ಆನಿಸಿ ಟೀವಿ ಹಚ್ಚಿದರು. ಮೇಲೆ ಕೂತವನು ನಾನೊಬ್ಬನೇ. ನಾಚಿಕೆಯಾಗಿ ನಾನೂ ಕೆಳಗಿಳಿದೆ.

"ಸರ್, ಸೀಟಿನ ಬಟ್ಟಿನೂ ಬದ್ಲಿ ಮಾಡ್ಲೇನ್ರಿ?"

"ಮ್ಯಾಲ ಯಾರ್ ಕೂಡ್ತಾರ್ರಿ? ಆನಕೊಳ್ಳಾಕ ಮುಂದಿಂದಷ್ಟ ಮೆತ್ತಗ ಮಾಡ್ರಿ!"

೨. ನಾಲ್ಕು ಕಾಲು

ಅಫಜಲಪುರದ ಗೌಡರೊಬ್ಬರ ಮನೆಯಿಂದ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಒಂದು ಹಳೇ ತೇಗದ ಸೋಫಾ ಬಂತು. ಅರವತ್ತು ವರ್ಷದ ಹಿಂದಿನದು. ನಾಲ್ಕೂ ಕಾಲು ಹೊರಗೆ ವಾಲಿದ್ದವು. ಪಾಪ, ಮೂರು ತಲೆಮಾರಿನ ಭಾರ ಹೊತ್ತು ಸೊಟ್ಟಗಾಗಿವೆ ಎಂದುಕೊಂಡೆ. ಉಸ್ತಾದರು ಆಗಲೇ ಊಟಕ್ಕೆ ಹೋಗಿದ್ದರು; ಅವರು ಬರುವಷ್ಟರಲ್ಲಿ ನಾಲ್ಕನ್ನೂ ಕಳಚಿ, ತುದಿ ಕೊಯ್ದು, ನೆಟ್ಟಗೆ ಕೂಡಿಸಿದೆ. ಪುಣ್ಯ ಕಟ್ಟಿಕೊಂಡಷ್ಟು ಖುಷಿಯಾಯಿತು.

ಉಸ್ತಾದರು ಬಂದು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಕಾಲ್ ಏನ್ ಮಾಡ್ದಿಲೇ?"

"ಸೊಟ್ಟ ಆಗಿದ್ವು, ನೆಟ್ಟಗ ಮಾಡೇನ್ರಿ."

"ಆಗಿದ್ದಲ್ಲಲೇ ಅವು, ಮಾಡಿದ್ದು! ಈ ಸೋಫಾ ಮಾಡಿದವ್ನ ನಾನು! ಎಂಟ್ ದಿನ ಕುಂತು ಸೊಟ್ಟ ಮಾಡೇನಿ!"

ನೆಟ್ಟಗೆ ಮಾಡಲು ಒಂದು ತಾಸು ಸಾಕಾಗಿತ್ತು. ಹೊಸ ತೇಗ ತಂದು ಮತ್ತೆ ಸೊಟ್ಟ ಮಾಡಲು ನನಗೂ ಎಂಟು ದಿನವೇ ಹಿಡಿಯಿತು.

೩. ಮಾಡಿದವರು ಯಾರು?

ಸೋಫಾ ಮನೆ ಸೇರಿದ ಮೇಲೆ ಗೌಡರ ಫೋನ್ ಬಂತು. ಬೆಂಗಳೂರಿನಿಂದ ಡಿಸೈನರ್ ಹುಡುಗಿಯೊಬ್ಬಳು ಬಂದಿದ್ದಾಳೆ, ಹಳೇ ಸೋಫಾಗಳ ಮೇಲೆ ಪುಸ್ತಕ ಬರೆಯುತ್ತಿದ್ದಾಳೆ, ಇದನ್ನು ಮಾಡಿದವರನ್ನು ಕಾಣಬೇಕಂತೆ. ಉಸ್ತಾದರು ಇಸ್ತ್ರಿ ಅಂಗಿ ತೊಟ್ಟು ಹೊರಟರು. ದಾರಿಯುದ್ದಕ್ಕೂ ಒಂದೇ ಮಾತು: "ಖರೇನ ನನ್ನ ಹೆಸ್ರು ಬರೀತಾರೇನಲೇ?" ಜೀವಮಾನವಿಡೀ ಅವರು ಮಾಡಿದ್ದೆಲ್ಲ ಗೌಡರ ಸೋಫಾ, ವಕೀಲರ ಕುರ್ಚಿ ಎಂದೇ ಹೆಸರಾಯಿತು. ಮಾಡಿದವನ ಹೆಸರು ಯಾರೂ ಕೇಳಿದ್ದಿಲ್ಲ. ಈಗಲೂ ತಪ್ಪಿಹೋದರೆ ಈ ಮುದುಕರ ಮುಖ ಹೇಗೆ ನೋಡಲಿ ಎಂದು ನನಗೂ ಪುಕುಪುಕು.

ಹುಡುಗಿ ನೋಟ್‌ಬುಕ್ ಬಿಚ್ಚಿದಳು. "ಸೀಟು ಇಷ್ಟು ತಗ್ಗು ಯಾಕೆ? ನೆಲಕ್ಕೆ ಹತ್ತಿರ ಇರಬೇಕು ಅನ್ನೋ ವಿಚಾರವೇ?"

"ಏನ್ ವಿಚಾರ ತಾಯಿ! ಹಳೇ ಗೌಡ್ರು ಕುಳ್ಳಗಿದ್ರು. ಎತ್ತರದ ಮ್ಯಾಲ ಕುಂತ್ರ ಕಾಲ್ ಜೋತಾಡ್ತಿದ್ವು. ನ್ಯಾಯ ಹೇಳೋರ ಕಾಲ್ ಜೋತಾಡಿದ್ರ ಮಾತಿಗೆ ವಜನ್ ಬರ್ತದೇನು?"

"ಕಾಲು ಹೊರಗೆ ವಾಲಿರೋದು?"

"ಕುಳ್ಳಗಿದ್ರೂ ಭಾರ ಭಾಳ ಇದ್ರು. ನೆಟ್ಟಗಾಲಿನ ಮೊದಲಿನ ಸೋಫಾ ಅವರ್ನ ಹೊತ್ಕೊಂಡ ಹಿಂದ ಬಿದ್ದಿತ್ತು."

ಈಗಿನ ಗೌಡರು ಕೈಮುಗಿದರು. "ಅಷ್ಟೆಲ್ಲ ಬರೀಬ್ಯಾಡ್ರಿ. ನಮ್ಮಪ್ಪ ಪುಸ್ತಕದಾಗಾದ್ರೂ ಎತ್ತರ ಇರ್ಲಿ."

ಆಮೇಲೆ ಹುಡುಗಿ ಫೋಟೋಕ್ಕೆಂದು ಉಸ್ತಾದರಿಗೆ ಸೋಫಾದ ಮೇಲೆ ಕೂರಲು ಹೇಳಿದಳು. ಅವರು ಹಿಂದೆ ಸರಿದರು. "ನಾ ಇದರ ಮ್ಯಾಲ ಒಮ್ಮೇನೂ ಕುಂತಿಲ್ಲವ್ವ. ತಂದಿಟ್ಟ ದಿನ ಹೊರಗ ಕಟ್ಟಿ ಮ್ಯಾಲ ಚಾ ಕುಡ್ದು ಹೋಗಿದ್ದೆ."

ಗೌಡರೇ ಅವರ ಕೈ ಹಿಡಿದು, "ಬರ್ರಿ ಕಾಕಾ, ಕುಂದುರ್ರಿ. ನೀವ್ ಮಾಡಿದ್ದು" ಎಂದರು. ಉಸ್ತಾದರು ಮೆಲ್ಲಗೆ ಕೂತರು. ತೋಳಿನ ಮರವನ್ನು ಒಮ್ಮೆ ಸವರಿದರು. ಅವರ ಕಣ್ಣು ತುಂಬಿತು, ನನ್ನದೂ ತುಂಬಿತು. ಹುಡುಗಿ ಹತ್ತಾರು ಫೋಟೋ ತೆಗೆದಳು.

ಫೋಟೋ ಮುಗಿಯಿತು. ಉಸ್ತಾದರು ಏಳಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ಬಗ್ಗಿ ಜೋರು ಹಾಕಿದರು, ಮಂಡಿ ಕೇಳಲಿಲ್ಲ. ಒಂದು ಕೈ ನಾನು, ಒಂದು ಕೈ ಗೌಡರು ಹಿಡಿದು ಎಳೆದೆವು. ಅರ್ಧ ಎದ್ದು ಮತ್ತೆ ದೊಪ್ಪನೆ ಕೂತರು. ಸಿಟ್ಟು ನೆತ್ತಿಗೇರಿತು.

"ಇಷ್ಟ್ ತಗ್ಗು ಯಾವ ಬೇವಕೂಫ ಮಾಡ್ಯಾನಲೇ ಇದನ್ನ!"

ಹುಡುಗಿ ಪೆನ್ನು ಎತ್ತಿ ಹಿಡಿದು ಕೇಳಿದಳು: "ಕಾಕಾ, ಹಾಗಾದರೆ ನಿಮ್ಮ ಹೆಸರು ಬರೆಯಲಾ, ಬೇಡವಾ?"

"ಬರಿಯವ್ವ, ದೊಡ್ಡ ಅಕ್ಷರದಾಗ ಬರಿ. ಆದ್ರ ಮೊದಲ ನನ್ನ ಎಬ್ಬಸು!"