ಟೊರಾಂಟೊಗೆ ಹತ್ತಿರದ ದಾರಿ

ಗೋಡೆಯ ಮೇಲೆ ಪ್ರಪಂಚದ ಭೂಪಟ ತೂಗುಹಾಕಿಕೊಂಡವನಿಗೆ ತಾನಾಗಿಯೇ ಒಂದು ಗತ್ತು ಬಂದುಬಿಡುತ್ತದೆ. ನನಗಂತೂ ಬಂದಿದೆ. ಮೈಸೂರಿನ ನಮ್ಮ ಚಾಮರಾಜಪುರಂ ಬೀದಿಯಲ್ಲಿ ಯಾವ ದೇಶದ ಮಾತು ಬಂದರೂ ತೀರ್ಪು ನನ್ನದೇ. ಯಾರೂ ಕೇಳದಿದ್ದರೂ ಕೊಡುತ್ತೇನೆ, ಅದು ಬೇರೆ ವಿಷಯ.

ಪಕ್ಕದ ಮನೆಯ ಸ್ಟೆಲ್ಲಮ್ಮನ ತಂಗಿ ಇರುವುದು ಟೊರಾಂಟೊದಲ್ಲಿ. ಚರ್ಚಿನಲ್ಲಿ ಅವಳ ಕೂಸಿನ ದೀಕ್ಷಾಸ್ನಾನಕ್ಕೆ ಜ್ಞಾನತಾಯಿಯಾಗಿ, ಅಂದರೆ ಕೂಸನ್ನು ಎತ್ತಿಕೊಳ್ಳುವ ಧರ್ಮದ ತಾಯಿಯಾಗಿ, ನಿಲ್ಲಬೇಕಾದವರು ಸ್ಟೆಲ್ಲಮ್ಮ. ದೆಹಲಿಯಲ್ಲಿ ವಿಮಾನ ಹತ್ತಿದರೆ ನೇರ ಟೊರಾಂಟೊ. ಆದರೆ ಆಕೆಗೆ ನೀರೆಂದರೆ ಪ್ರಾಣಭಯ. ಕಾರಂಜಿ ಕೆರೆಯ ದೋಣಿಯನ್ನೂ ಹತ್ತಿದವರಲ್ಲ.

"ಅಣ್ಣಾ, ದಾರೀಲಿ ಸಮುದ್ರ ಸಿಗುತ್ತಾ?" ಎಂದು ಕೇಳಲು ಬಂದರು.

ನಾನು ಸ್ಕೇಲು ತಂದು ಭೂಪಟದ ಮೇಲೆ ದೆಹಲಿಯಿಂದ ಟೊರಾಂಟೊಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಗೆರೆ ಅಟ್ಲಾಂಟಿಕ್ ಸಾಗರವನ್ನು ಈ ದಡದಿಂದ ಆ ದಡಕ್ಕೆ ಸೀಳಿಕೊಂಡು ಹೋಯಿತು. "ಇದೇ ಅತಿ ಹತ್ತಿರದ ದಾರಿ. ಅರ್ಧಕ್ಕರ್ಧ ನೀರು!" ಎಂದೆ, ಆ ಸಾಗರವನ್ನು ತೋಡಿಸಿದವನೇ ನಾನು ಎಂಬಂತೆ.

ಸ್ಟೆಲ್ಲಮ್ಮನ ಮುಖ ಬಿಳಿಚಿತು. "ಹಂಗಾದ್ರೆ ಬ್ಯಾಡ ಬುಡಿ. ಬೇರೆ ಯಾರನ್ನಾದ್ರೂ ನಿಲ್ಲಿಸ್ಕೋ ಅಂತ ತಂಗಿಗೆ ಹೇಳ್ಬುಡ್ತೀನಿ," ಎಂದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದ ಕಲ್ಲಂಗಡಿ ಹಣ್ಣು, ಹೂ ಕಟ್ಟುವ ದಾರ ಹಿಡಿದು ಬಂದಳು. "ಭೂಮಿ ಏನು ಗೋಡೆ ಥರ ಚಪ್ಪಟೆ ಇದೆಯೇನ್ರೀ?" ಹಣ್ಣಿನ ಈ ಮಗ್ಗುಲಿಗೊಂದು ಕುಂಕುಮದ ಬೊಟ್ಟಿಟ್ಟು ದೆಹಲಿ ಎಂದಳು, ಆ ಮಗ್ಗುಲಿಗೊಂದಿಟ್ಟು ಟೊರಾಂಟೊ ಎಂದಳು. ಎರಡೂ ತೊಟ್ಟಿನ ಕಡೆಗೇ ಇದ್ದವು. ಮೊದಲು ದಾರವನ್ನು ನನ್ನ ಗೆರೆಯಂತೆ ಅಡ್ಡಡ್ಡ ಸುತ್ತಿ ಅಳೆದಳು. ಆಮೇಲೆ ಅದೇ ದಾರವನ್ನು ತೊಟ್ಟಿನ ಪಕ್ಕದಲ್ಲಿ ಹಾಯಿಸಿ ಎಳೆದಳು. ಗೇಣುದ್ದ ದಾರ ಉಳಿದೇಬಿಟ್ಟಿತು!

"ವಿಮಾನ ಹೋಗೋದು ಹಿಂಗೆ, ಉತ್ತರ ಧ್ರುವದ ಮಗ್ಗುಲಲ್ಲಿ," ಎಂದಳು.

"ನಾನೂ ಅದನ್ನೇ ಹೇಳೋನಿದ್ದೆ," ಎಂದೆ. ಸರೋಜ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

"ಅಲ್ಲೇನಿದೆ ಅಣ್ಣಾ?"

"ಮಂಜುಗಡ್ಡೆ ಕಣಮ್ಮ."

"ಗಟ್ಟಿ ಇರುತ್ತಾ?"

"ಕಲ್ಲು!"

ಆ ಗಡ್ಡೆಯ ಕೆಳಗೂ ಸಮುದ್ರವೇ ಇದೆ ಎಂದು ನಾನು ಬಾಯಿ ಬಿಡಲಿಲ್ಲ. ಜ್ಞಾನವಂತನಿಗೆ ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಿರಬೇಕು. ಸ್ಟೆಲ್ಲಮ್ಮ ಧೈರ್ಯ ತಂದುಕೊಂಡರು. ನಾವು ಮೂವರೂ ಕೂತು ಭೂಮಂಡಲವನ್ನು ಹೋಳು ಮಾಡಿ ತಿಂದೆವು.

ಸ್ಟೆಲ್ಲಮ್ಮ ಹೋದರು, ಕೂಸನ್ನು ಎತ್ತಿಕೊಂಡು ನಿಂತರು, ಸುಖವಾಗಿ ವಾಪಸ್ಸೂ ಬಂದರು. ದಾರಿಯುದ್ದಕ್ಕೂ ಕಿಟಕಿಯ ಪರದೆ ಮುಚ್ಚಿಕೊಂಡು ನಿದ್ದೆ ಹೊಡೆದರಂತೆ. ಮಂಜೂ ಕಾಣಲಿಲ್ಲ, ನೀರೂ ಕಾಣಲಿಲ್ಲ.

ಚಾಕಲೇಟಿನ ಡಬ್ಬಿ ಕೊಡುತ್ತಾ ಕೇಳಿದರು: "ಎಷ್ಟು ಧೈರ್ಯ ಹೇಳಿದ್ರಿ ಅಣ್ಣಾ! ನೀವೆಷ್ಟು ಸಲ ವಿಮಾನ ಹತ್ತಿದ್ದೀರಿ?"

ನಾನು ಗಂಟಲು ಸರಿಮಾಡಿಕೊಂಡೆ. ವಿಮಾನ ನಿಲ್ದಾಣದ ವಿಷಯದಲ್ಲಿ ನನ್ನ ಅನುಭವ ಕಡಿಮೆಯದೇನಲ್ಲ. ನೆಂಟರಿಷ್ಟರನ್ನು ಕಳಿಸಲು ಎಷ್ಟೋ ಸಲ ಹೋಗಿದ್ದೇನೆ, ಕೈಬೀಸಿದ್ದೇನೆ. ಬಾಗಿಲ ಹೊರಗಿನ ಭಾಗವನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಮೈಸೂರಿನಲ್ಲಿ ಇನ್ನೊಬ್ಬರಿರಲಾರರು.