ಪ್ರಿಂಟರ್ ಕಂಪನಿಯ ತಳಕ್ಕೆ ಕೈ ಹಾಕಿದ್ದು

ನಾನು ಬುದ್ಧಿ ಉಪಯೋಗಿಸಲು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಈ ಸಲ ಬುದ್ಧಿ ಓಡಿದ್ದು ಷೇರಿನ ಕಡೆಗೆ. ಹೆಂಡತಿಯ ಎಫ್‌ಡಿ ಅವಧಿ ಮುಗಿದಿತ್ತು. ಅವಳಿಗೆ ಮರಾಠಿ ನಾಡಿನ ನಿಗಡಿಯಲ್ಲಿರುವ ನಮ್ಮ ಮನೆಗೆ ಹೊಸ ಅಡುಗೆಕಟ್ಟೆ ಬೇಕು. ಹಳೆಯದರ ಮೇಲಿನ ನೀಲಿ ಕಲೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನನಗೆ ಕಂಪ್ಯೂಟರ್, ಪ್ರಿಂಟರ್ ಮಾಡುವ ಒಂದು ಕಂಪನಿಯ ಷೇರು ಬೇಕು.

"ಕಂಪನಿ ಚಲೋ ಅದ ಅಂತ ತೋರಸ್ರಿ, ರೊಕ್ಕ ಕೊಡ್ತೀನಿ," ಅಂದಳು.

೧. ವರದಿ

ವಾರ್ಷಿಕ ವರದಿಯನ್ನು ಮೊಬೈಲಿನಲ್ಲಿ ಓದಿದರೆ ಗಾಂಭೀರ್ಯ ಬರುವುದಿಲ್ಲವೆಂದು, ಮನೆಯಲ್ಲಿದ್ದ ಅದೇ ಕಂಪನಿಯ ಪ್ರಿಂಟರಿಗೆ ಕೊಟ್ಟೆ. ಅಧ್ಯಕ್ಷರ ನಗುಮುಖ ಪುಟದ ತುಂಬ ಬಣ್ಣದಲ್ಲಿ ಬಂತು. ಲಾಭ-ನಷ್ಟದ ಪುಟ ಬರುವಷ್ಟರಲ್ಲಿ ಶಾಯಿ ಖಾಲಿ.

"ಲಾಭ ಎಷ್ಟದರಿ?"

"ಅದಿನ್ನೂ ಗೊತ್ತಾಗಿಲ್ಲ. ಅಧ್ಯಕ್ಷರ ಹಲ್ಲು ಮಾತ್ರ ಭಾಳ ಚಲೋ ಅವ."

೨. ದರ

ಶಾಯಿಯ ಕಾರ್ಟ್ರಿಜ್ ದರ ಕೇಳಲು ಅಂಗಡಿಗೆ ಹೋದೆ. ಅಂಗಡಿಯವನು ಹೇಳಿದ ಬೆಲೆಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಪ್ರಿಂಟರೇ ಬರುತ್ತಿತ್ತು. ಬೇರೆಯವರಾಗಿದ್ದರೆ ಬೈಯುತ್ತಿದ್ದರು. ನನಗೆ ಕುಣಿಯುವಂತಾಯಿತು. ಯಂತ್ರ ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಸುಲಿಯುವ ಕಂಪನಿ ಮುಳುಗುವುದುಂಟೇ! ನನ್ನ ಹೊಗಳಿಕೆ ಕೇಳಿ ಖುಷಿಯಾದ ಅಂಗಡಿಯವನು, ಹಾಗಾದರೆ ಒಂದು ಕಟ್ಟಿಕೊಡಲೇ ಎಂದು ಮರಾಠಿಯಲ್ಲಿ ಕೇಳಿದ.

"ಇಷ್ಟು ತುಟ್ಟಿ ಯಾರು ತಗೋತಾರೆ!" ಎಂದು ಅವನ ಮರಾಠಿಯಲ್ಲೇ ಹೇಳಿ ಹೊರಬಿದ್ದೆ.

೩. ಚೀಲದ ತಳ

ನಾನು ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಅಲ್ಲಿ ಚೀಲದ ಬಾಯಲ್ಲಿರುವ ಮಾಲನ್ನು ಯಾರೂ ನಂಬುವುದಿಲ್ಲ. ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರೆ. ಕಂಪನಿಯನ್ನೂ ಹಾಗೇ ನೋಡೋಣವೆಂದು ಹೆಂಡತಿಯನ್ನು ಕರೆದುಕೊಂಡು ನಮ್ಮ ಸಾಲಿನ ಅಂಗಡಿಗಳನ್ನು ಸುತ್ತಿದೆ. ಪ್ರತಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೂ ಅದೇ ಪ್ರಿಂಟರು! ನನ್ನ ಎದೆ ಉಬ್ಬಿತು.

ಕೊನೆಯದು ವಿಜಯಪುರದ ಕಡೆಯಿಂದ ಬಂದು ಬೆಲ್ಲ ಮಾರುವ ಸಾಹುಕಾರರ ಅಂಗಡಿ. ಹೆಂಡತಿ ಕೇಳಿದಳು, "ಇದಕ್ಕ ಶಾಯಿ ಎಲ್ಲಿಂದ ತರಸ್ತೀರಿ, ಕಾಕಾ?"

"ತರಸೂದು ಯಾಕವ್ವಾ? ಸಾದಾ ಬಾಟ್ಲಿ ಶಾಯಿ ಸಿರಿಂಜಿನಾಗ ಎಳದು ಹಳೇ ಕಾರ್ಟ್ರಿಜ್‌ಗೇ ಚುಚ್ಚತೀವಿ. ಈ ಸಾಲಿಗೆಲ್ಲಾ ನಿಮ್ಮ ಯಜಮಾನ್ರೇ ಕಲಿಸ್ಯಾರ. ಕಂಪನಿ ಶಾಯಿ ಯಾರೂ ಮುಟ್ಟೂದಿಲ್ಲ!"

"ಹೌದ್ರಿ. ನಮ್ಮ ಮನಿಯಾಗ ಅಡಗಿ ಕಟ್ಟಿ ಮ್ಯಾಲೇ ಚುಚ್ಚತಾರ," ಎಂದು ಅವಳು ನನ್ನ ಕಡೆ ನೋಡಿದಳು. ನಾನು ಬೆಲ್ಲದ ಕಡೆ ನೋಡಿದೆ.

ಹೊಸ ಕಟ್ಟೆ ಆಯಿತು. ನಿಜಕ್ಕೂ ಚಂದವಾಗಿದೆ, ನನಗೂ ಖುಷಿಯಾಯಿತು. ಕೆಳಗಿನ ಮೂಲೆಯಲ್ಲಿ ನನಗೆಂದೇ ಮಾಡಿಸಿದ ಒಂದು ಸಣ್ಣ ಡ್ರಾವರ್ ಎಳೆದು ತೋರಿಸಿದಳು. ಒಳಗೆ ನನ್ನ ಶಾಯಿ ಬಾಟಲಿ, ಸಿರಿಂಜು.

"ಮತ್ತ ಆ ಷೇರ್ ತಗೋಬೇಕು ಅನಿಸಿದ್ರ, ಮೊದಲ ಇದರಾಗ ಕೈ ಹಾಕಿ ನೋಡ್ರಿ," ಅಂದಳು.